ಕೋಪಿಷ್ಠ ಕರುಳು ಮತ್ತು ಬೆಂಕಿ ಮಡಕೆ

ಸರ್ವೆ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನನ್ನಂಥವನಿಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ನಾನು ಎಲ್ಲಿಗೆ ಹೊರಟರೂ ನನ್ನ ಹೊಟ್ಟೆ ನನಗಿಂತ ಮೊದಲು ಹೊರಟಿರುತ್ತದೆ. ಡಾಕ್ಟರುಗಳು ಇದಕ್ಕೆ ಐಬಿಎಸ್ ಅನ್ನುತ್ತಾರೆ. ಕೋಪಿಷ್ಠ ಕರುಳು ಅಂತ ನಾನೇ ಕನ್ನಡ ಮಾಡಿಕೊಂಡಿದ್ದೇನೆ. ಹುಣಸೂರಿನಿಂದ ಎಚ್.ಡಿ. ಕೋಟೆವರೆಗೆ, ಇತ್ತ ಕೆ.ಆರ್. ನಗರದವರೆಗೆ, ಯಾವ ಪಾಯಿಖಾನೆಯ ಬಾಗಿಲಿಗೆ ಚಿಲಕವಿದೆ, ಯಾವುದಕ್ಕೆ ಒಳಗಿನಿಂದ ಕಾಲು ಒತ್ತಿ ಹಿಡಿಯಬೇಕು ಎಂಬ ನಕ್ಷೆ ಇಂದಿಗೂ ನನ್ನ ತಲೆಯಲ್ಲಿದೆ.

ನಗುವ ಮುಂಚೆ ಒಂದು ಮಾತು ಹೇಳಿಬಿಡಬೇಕು. ಅಪ್ಪ ತೀರಿಕೊಂಡ ದಿನ ಬೆಂಕಿ ಮಡಕೆ ಹಿಡಿಯಬೇಕಾದ ಹಿರಿಮಗ ನಾನು ಹಿತ್ತಲಲ್ಲಿ ಕೂತಿದ್ದೆ. ಹೊತ್ತು ಮೀರುತ್ತದೆಂದು ಮಡಕೆಯನ್ನು ತಮ್ಮನ ಕೈಗೆ ಕೊಟ್ಟರು. ಅವ್ವ ಅದನ್ನು ಮರೆಯಲೇ ಇಲ್ಲ. "ನನ್ಗಾದ್ರೂ ನೀನೇ ಹಿಡೀಬೇಕು ಕಣ್ಲಾ. ನಿನ್ ಹೊಟ್ಟೆಗೆ ಈಗ್ಲೇ ಹೇಳಿಡು" ಅಂದಳು. ಹೇಳಿಟ್ಟೆ. ಅದು ಕೇಳಬೇಕಲ್ಲ.

೧. ಬಾಂದು ಕಲ್ಲು

ಎನ್. ಬೇಗೂರಿನ ಹತ್ತಿರ ಅಣ್ಣತಮ್ಮಂದಿರ ಜಮೀನು ಅಳೆಯಲು ಹೋಗಿದ್ದೆ. ಹದ್ದಿನ ಕಲ್ಲು, ಅಂದರೆ ನಮ್ಮ ಬಾಂದು ಕಲ್ಲು, ಎಲ್ಲಿ ಹೂತುಹೋಗಿದೆಯೋ ಯಾರಿಗೂ ಗೊತ್ತಿಲ್ಲ. ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಕುಡುಗೋಲು ಎತ್ತಿಯೂ ಆಗಿದೆಯಂತೆ. ಆ ಬಿಗುವಿಗೇ ನನ್ನ ಹೊಟ್ಟೆ ಕೆಟ್ಟಿತು. ಅಳತೆಯ ಚೈನು ಹಿಡಿಯುವವನಿಗೆ ನಿಲ್ಲಲು ಹೇಳಿ, ಲಾಂಟಾನದ ಪೊದೆಯ ಹಿಂದಕ್ಕೆ ಚೊಂಬು ಹಿಡಿದು ಹೋದೆ. ಒಂದು ಸಲವಲ್ಲ, ಮೂರು ಸಲ. ಕೆಲಸ ಅರ್ಧಕ್ಕೇ ಬಿಟ್ಟು, ಮುಂದಿನ ವಾರ ಬರುತ್ತೇನೆಂದು ಹೇಳಿ ಬಂದೆ.

ವಾರದ ಮೇಲೆ ಹೋದರೆ ಪೊದೆಯೇ ಇಲ್ಲ. ಸೊಂಟದಾಳದ ಗುಂಡಿ, ಗುಂಡಿಯೊಳಗೆ ಅಣ್ಣನೂ ಇದ್ದಾನೆ, ತಮ್ಮನೂ ಇದ್ದಾನೆ. ಇದೇನಪ್ಪಾ ಎಂದು ಕೇಳಿದೆ. ಅಣ್ಣ ಹೇಳಿದ: "ನೀವು ಮೂರ್ ಸಲಿ ಹೋಗಿ ಕೂತು ನೋಡುದ್ರಲ್ಲ ಸಾರ್, ಬಾಂದ್ ಕಲ್ಲು ಇಲ್ಲೇ ಇರಬೇಕು ಅಂತ ಅಗೆದೋ."

ಸಿಕ್ಕಿತೇ ಎಂದೆ. ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಎಷ್ಟೋ ವರ್ಷದ ಮೇಲೆ ಇಬ್ಬರೂ ಒಂದೇ ಮಾತು ಆಡಿದರು.

"ಕಲ್ಲಂತೂ ಅಲ್ಲ ಬುಡಿ."

೨. ಏನೂ ಇಲ್ಲ

ತೂಕ ಇಳಿಯತೊಡಗಿದಾಗ ಇದು ಆ ದೊಡ್ಡ ಕಾಯಿಲೆಯೇ ಎಂದು ನಿಶ್ಚಯಿಸಿದೆ. ಹೆಂಡತಿಗೆ ಪಿಂಚಣಿ ಕಾಗದಗಳೆಲ್ಲ ಯಾವ ಟ್ರಂಕಿನಲ್ಲಿವೆ ಎಂದು ತೋರಿಸಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗಿಂತ ಮೊದಲು ಅವ್ವ ಹೋಗಲಿ ಎಂದು ಬೇಡಿಕೊಂಡ ಮಗ ನಾನು. ಬೇರೆ ಯಾವ ಆಸೆಗೂ ಅಲ್ಲ, ಕೊಟ್ಟ ಮಾತಿಗೆ.

ಮೈಸೂರಿನ ಡಾಕ್ಟರು ಕೊಳವೆ ಹಾಕಿ ನೋಡಿದರು. ಹುಣ್ಣಿಲ್ಲ, ಗಂಟಿಲ್ಲ. ಹಾಲಿನ ಕಾಫಿ ಬಿಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಅವರೆಕಾಳು ಮುಟ್ಟಬೇಡಿ ಅಂದರು. ಹಿದುಕಬೇಳೆ ಸಾರಿಲ್ಲದ ಮೇಲೆ ಬದುಕಿ ಏನು ಮಾಡುವುದು ಎಂದು ಕೇಳಬೇಕೆನಿಸಿತು. ಕೊನೆಗೆ, ಚಿಂತೆ ಮಾಡಬೇಡಿ, ಚಿಂತೆಯಿಂದಲೇ ಇದು ಹೆಚ್ಚೋದು ಅಂದರು. ಅವತ್ತಿನಿಂದ, ಚಿಂತೆ ಮಾಡುತ್ತಿದ್ದೇನಲ್ಲಾ ಎಂಬುದೊಂದು ಹೊಸ ಚಿಂತೆ ಸೇರಿಕೊಂಡಿತು.

ಜಗಲಿಯ ಮೇಲೆ ಕಾಯುತ್ತಿದ್ದ ಅವ್ವ ಏನಂದರು ಎಂದು ಕೇಳಿದಳು. "ಒಳಗೆ ಏನೂ ಇಲ್ವಂತೆ ಕಣವ್ವ" ಅಂದೆ.

ಅವ್ವ ಅಂದಳು: "ಏನೂ ಇಲ್ದೆ ಇದ್ಮೇಲೆ ದಿನಾ ಐದಾರ್ ಸಲಿ ಏನ್ಲಾ ಹೋಯ್ತದೆ?"

೩. ಜೋಳದ ಹೊಲ

ಹೋದ ವರ್ಷ ಮುಸುಕಿನ ಜೋಳ ಆಳೆತ್ತರ ನಿಂತಿದ್ದ ಕಾಲಕ್ಕೆ ಅವ್ವ ತೀರಿಕೊಂಡಳು. ಅಳುವ ಮೊದಲು ನಾನು ಮಾಡಿದ ಕೆಲಸ ಮಾತ್ರೆ ನುಂಗಿದ್ದು. ಬೆಳಗಿನಿಂದ ನೀರು ಕೂಡ ಮುಟ್ಟಲಿಲ್ಲ. ಮಧ್ಯಾಹ್ನ ಬೆಂಕಿ ಮಡಕೆ ಕೈಗೆ ಬಂತು. ಬೆಟ್ಟದಪುರದ ಪಕ್ಕದ ನಮ್ಮೂರ ಬೀದಿಯಲ್ಲಿ ಹಲ್ಲು ಕಚ್ಚಿಕೊಂಡು ಮುಂದೆ ನಡೆದೆ. ನೋಡಿದವರೆಲ್ಲ ದುಃಖ ಎಂದುಕೊಂಡರು. ಅರ್ಧ ಅದು ದುಃಖವೇ.

ನಮ್ಮಲ್ಲಿ ಬೆಂಕಿ ಹಿಡಿದವನು ತಿರುಗಿ ನೋಡಬಾರದು, ಮಡಕೆ ಇಳಿಸಬಾರದು, ಇನ್ನೊಬ್ಬರಿಗೆ ಕೊಟ್ಟರೆ ಚಿತೆಗೆ ಬೆಂಕಿ ಇಡುವ ಹಕ್ಕೂ ಅವರಿಗೇ ಹೋಯಿತು. ಊರು ದಾಟುವಷ್ಟರಲ್ಲಿ ಹೊಟ್ಟೆ ತಿರುಚಿತು. ಪಕ್ಕದಲ್ಲಿದ್ದ ತಮ್ಮನಿಗೆ ನನ್ನ ನಡಿಗೆಯಲ್ಲೇ ಗೊತ್ತಾಯಿತು. "ಕೊಡಣ್ಣ" ಎಂದು ಕೈ ಚಾಚಿದ. ಕೊಡಲಿಲ್ಲ. ಮಡಕೆ ಸಮೇತ ಎಡಗಡೆ ಜೋಳದ ಹೊಲಕ್ಕೆ ನುಗ್ಗಿದೆ.

ಒಬ್ಬನೇ ನುಗ್ಗಿದೆ ಎಂದುಕೊಂಡಿದ್ದೆ. ಇಪ್ಪತ್ತು ಹೆಜ್ಜೆ ಹೋದ ಮೇಲೆ ಹಿಂದೆ ಸರಸರ ಸದ್ದು. ಬೆಂಕಿ ಹೋದ ಕಡೆಗೆ ಚಟ್ಟ ಹೋಗಬೇಕಲ್ಲ? ಹೊತ್ತವರು ತಲೆ ತಗ್ಗಿಸಿ ಬಂದೇಬಿಟ್ಟಿದ್ದರು. ಅವ್ವನೂ ಬಂದಳು, ನೆಂಟರಿಷ್ಟರೂ ಬಂದರು, ತಮಟೆಯವರೂ ಬಂದರು. ತಿರುಗಿ ನೋಡುವ ಹಾಗೂ ಇಲ್ಲ, ಬರಬೇಡಿ ಎಂದು ಕೂಗುವ ಹಾಗೂ ಇಲ್ಲ.

ಕಂಪಲಾಪುರದ ಸೋದರಮಾವ, ಅವ್ವನ ತಮ್ಮ, ಏದುಸಿರು ಬಿಡುತ್ತಾ ಮುಂದೆ ಬಂದು, ಯಾಕ್ಲಾ, ಚಿತೆ ಒಟ್ಟಿರೋ ನಿಮ್ಮ ಹೊಲ ಅತ್ಲಾಗಲ್ವಾ ಎಂದು ಕೇಳಿದ. "ಮಾವ, ಹೊಟ್ಟೆ" ಎಂದೆ, ಅಷ್ಟೇ. ಮಾವ ನನ್ನ ಮುಖ ನೋಡಿದ, ಮಡಕೆ ನೋಡಿದ. "ಇಳಿಸ್ಬ್ಯಾಡ. ಹಿಡ್ಕಂಡೇ ಕೂತ್ಕೋ" ಅಂದ. ಆಮೇಲೆ ಹಿಂದಕ್ಕೆ ಹೋಗಿ ಚಟ್ಟ ಹೊತ್ತವರನ್ನು, ಊರವರನ್ನೆಲ್ಲ ಹತ್ತು ಸಾಲು ಹಿಂದಕ್ಕೆ ತಳ್ಳಿ, ಆ ಕಡೆ ಮುಖ ಮಾಡಿಸಿ ನಿಲ್ಲಿಸಿದ.

ಕೂತೆ. ನನ್ನ ತಲೆ ಯಾರಿಗೂ ಕಾಣುತ್ತಿರಲಿಲ್ಲವಂತೆ. ಆದರೆ ಜೋಳದ ತೆನೆಗಳ ಮೇಲೆ ಹೊಗೆ ಎದ್ದು, ಹಿರಿಮಗ ಇಂಥ ಕಡೆಯೇ ಇದ್ದಾನೆ ಎಂದು ಊರಿಗೆಲ್ಲ ತೋರಿಸುತ್ತಿತ್ತಂತೆ. ಕೊನೆಗೆ ಅವ್ವನಿಗೆ ಬೆಂಕಿ ಇಟ್ಟವನು ನಾನೇ ಎಂದು ಇಲ್ಲೇ ಹೇಳಿಬಿಡುತ್ತೇನೆ. ಓದುವವರಿಗೆ ಆತಂಕ ಬೇಡ, ಆತಂಕ ಹೊಟ್ಟೆಗೆ ಒಳ್ಳೆಯದಲ್ಲ.

ಆ ಹೊಲದ ತುಂಬ ಸಾವಿನ ಮೌನ. ಒಂದು ಎಲೆ ಅಲುಗಿದರೂ ಕೇಳುತ್ತಿತ್ತು. ತಮಟೆಯವನು ಮೆಲ್ಲಗೆ ಮಾವನನ್ನು ಕೇಳಿದ್ದು ನನಗೂ ಕೇಳಿತು: "ಗೌಡ್ರೇ, ಬಾರ್ಸದು ನಿಲ್ಸಿವ್ನಿ. ಅಂಗೇ ಇರ್ಲಾ?"

ಮಾವ ಹೇಳಿದ: "ಬ್ಯಾಡ ಕಣಪ್ಪ, ಬಾರ್ಸು. ಕೈಲಾದಷ್ಟು ಜೋರಾಗಿ ಬಾರ್ಸು. ನಮ್ಮಕ್ಕಂಗಾದ್ರೆ ಇವನ ಹೊಟ್ಟೆ ಸದ್ದು ಗೊತ್ತಿರೋದೇಯ, ಬೀಗರೆಲ್ಲ ಯಾಕೆ ಕೇಳಬೇಕು?"