ಹುಲಿಯ ಹಿಂದಿನ ಗುಡ್ಡ

ನಾನು ಹುಲಿ ನೋಡಲಿಕ್ಕೆಂದು ಕಾಡಿಗೆ ಹೋಗುವವನಲ್ಲ. ಈ ಮಾತು ಹೇಳಿದರೆ ಇಳಕಲ್ಲಿನಲ್ಲಿ ಒಬ್ಬರೂ ನಂಬುವುದಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಮುಖದ ಮೇಲೆಯೇ ಆಡುತ್ತಾರೆ. ಆಡಲಿ. ನನ್ನ ತಕರಾರು ಹುಲಿಯ ಮೇಲಲ್ಲ, ಹುಲಿ ನೋಡಲು ಹೋಗುವವರ ಮೇಲೆ. ಇವರು ನಸುಕಿನಲ್ಲಿ ಎದ್ದು, ಚಳಿಯಲ್ಲಿ ನಡುಗುತ್ತ, ಮೂರು ತಾಸು ಕಾಡು ಸುತ್ತಿ ಬಂದು ಹೇಳುವುದೇನು? ‘ಏನೂ ಕಾಣಲಿಲ್ಲ.’ ಮಂಜಿನಿಂದ ಒಂದೊಂದಾಗಿ ಹೊರಬಂದ ಮರಗಳು, ಕೆರೆಯ ಮೇಲೆ ಬಿದ್ದ ಮೊದಲ ಬಿಸಿಲು, ರೆಕ್ಕೆ ಹರಡಿ ಒಣಗಿಸುತ್ತ ಕುಳಿತ ನೀರುಕಾಗೆ, ಎಲ್ಲ ಸೇರಿ ಇವರ ಲೆಕ್ಕದಲ್ಲಿ ಏನೂ ಇಲ್ಲ. ಉಣ್ಣಲು ಕರೆದವರ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಎಲ್ಲ ಬಾರಿಸಿ, ಬಾಸುಂದಿ ಇರಲಿಲ್ಲವಾದ್ದರಿಂದ ಉಪವಾಸ ಬಂದೆವು ಎಂದು ಊರಲ್ಲಿ ಹೇಳಿಕೊಂಡು ಬಂದಂತೆ.

ನಮ್ಮ ಶಾಲೆಯ ವಿಜ್ಞಾನದ ಮಾಸ್ತರರಾದ ದೇಸಾಯಿಯವರು ಈ ಪಂಥದ ಹಿರಿಯರು. ಅವರ ಹತ್ತಿರ ಮೊಳದುದ್ದ ಮೂತಿಯ ಕ್ಯಾಮೆರಾ ಇದೆ. ಒಮ್ಮೆ ಅವರ ಜೊತೆ ಮೈಸೂರಿನಾಚೆಯ ಒಂದು ಹುಲಿಕಾಡಿಗೆ ಹೋಗಿದ್ದೆ. ದೊಡ್ಡದೊಂದು ಜಿಂಕೆಯ ಹಿಂಡು ಒಟ್ಟಿಗೆ ತಲೆಯೆತ್ತಿ ನಮ್ಮನ್ನು ನೋಡಿತು. ನನಗೆ ಮೈ ಜುಮ್ಮೆಂದಿತು. ದೇಸಾಯಿಯವರು ಡ್ರೈವರನ ಭುಜ ತಟ್ಟಿ, “ಬರೇ ಜಿಂಕಿ ಅದಾವ, ನಡೀ ಮುಂದ” ಅಂದರು. ಅಷ್ಟರಲ್ಲಿ ಎಲ್ಲೋ ಹುಲಿ ಕಂಡಿತೆಂದು ಸುದ್ದಿ ಬಂತು. ಕುಳಗೇರಿ ಕ್ರಾಸಿನಲ್ಲಿ ಬಾದಾಮಿ ಬಸ್ಸು ಬಂದಾಗ ಜನ ಕಿಟಕಿಯೊಳಗೆ ಟವೆಲ್ ಎಸೆದು ಓಡುತ್ತಾರಲ್ಲ, ಜೀಪುಗಳು ಹಾಗೆ ಓಡಿದವು. ನಾವು ಮುಟ್ಟುವಷ್ಟರಲ್ಲಿ ಹುಲಿ ಹೋಗಿತ್ತು. ಇದ್ದದ್ದು ಒಂಬತ್ತು ಜೀಪು ಮತ್ತು ಧೂಳು. ಎಲ್ಲರೂ ಧೂಳಿನ ಫೋಟೋ ತೆಗೆದುಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು ತಿರುಗಿ ಬಂದೆವು.

ನಾನು ಚಿತ್ರಕಲೆಯ ಮಾಸ್ತರ. ಎರಡು ಗುಡ್ಡ, ನಡುವೆ ಸೂರ್ಯ, ಮೇಲೆ ನಾಲ್ಕು ಕಾಗೆ, ಇದಕ್ಕೆ ‘ಸೀನರಿ’ ಎಂದು ಹೆಸರಿಟ್ಟು ಹತ್ತಕ್ಕೆ ಏಳು ಅಂಕ ಕೊಡುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ಹೀಗಾಗಿ ಕಾಡಿನ ಸೌಂದರ್ಯದ ಬಗ್ಗೆ ಉಪದೇಶ ಮಾಡುವ ಹಕ್ಕು ನನಗೊಬ್ಬನಿಗೇ ಇದೆ ಎಂದು ತಿಳಿದವನು. ಆ ಉಪದೇಶವನ್ನು ಅತಿ ಹೆಚ್ಚು ಕೇಳಿದ ಪಾಪದ ಜೀವ ನನ್ನ ಹೆಂಡತಿ ಗಿರಿಜಾ.

ಗಿರಿಜಾ ಬಾದಾಮಿಯವಳು. ಬಾದಾಮಿಯಲ್ಲಿ ಹುಟ್ಟಿದವರಿಗೆ ಕಾಡುಪ್ರಾಣಿ ಅಂದರೆ ಮಂಗ. ಅದನ್ನು ನೋಡಲು ಜೀಪು ಬೇಡ, ಬಾಳೆಹಣ್ಣು ಹಿಡಿದು ಬಾಗಿಲು ತೆರೆದರೆ ಸಾಕು, ಅದೇ ಬರುತ್ತದೆ. ಅಷ್ಟು ಮಂಗ ನೋಡಿ ಬೇಸತ್ತದ್ದಕ್ಕೋ ಏನೋ, ಅವಳಿಗೆ ಹುಲಿಯ ಹುಚ್ಚು. “ಒಂದ ಸಲ, ಬರೇ ಒಂದ ಸಲ, ಹುಲೀನ ಕಣ್ಣಿಲೆ ನೋಡಬೇಕ್ರಿ” ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಕೇಳಿದ್ದೆಲ್ಲ ಮನೆಗೆ ಬೇಕಾದದ್ದು, ಮಕ್ಕಳಿಗೆ ಬೇಕಾದದ್ದು. ತನಗೆಂದು ಕೇಳಿದ್ದು ಇದೊಂದೇ. ನಾನು ಪ್ರತಿ ಸಲವೂ, ಹುಲಿಯಲ್ಲೇನಿದೆ, ಪಟ್ಟೆ ಬಳಿದ ಬೆಕ್ಕು, ನೋಡುವುದಾದರೆ ಕಾಡು ನೋಡು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಕಡೆಗೆ ಹೋದ ವರ್ಷ ದೀಪಾವಳಿ ರಜೆಯಲ್ಲಿ ಅವಳನ್ನು ಕರೆದುಕೊಂಡು ಅದೇ ಕಾಡಿಗೆ ಹೊರಟೆ.

ಇಲ್ಲಿ ನನ್ನ ಮನೆತನದ ಒಂದು ದೋಷವನ್ನು ಒಪ್ಪಿಕೊಳ್ಳಬೇಕು. ನಮ್ಮದು ಪವರ್‌ಲೂಮಿನ ಮನೆ. ಪಡಸಾಲೆಯಲ್ಲಿ ನಾಲ್ಕು ಮಗ್ಗ, ಬೆಳಗಿನಿಂದ ಸಂಜೆಯವರೆಗೆ ಖಟ್ ಖಟ್ ಖಟ್. ಆ ಗದ್ದಲದಲ್ಲಿ ‘ಉಪ್ಪು ಕೊಡು’ ಅನ್ನಬೇಕಾದರೂ ಊರಿಗೆ ಬೆಂಕಿ ಬಿದ್ದವರ ಹಾಗೆ ಕೂಗಬೇಕು. ಅಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ಬರುವುದಿಲ್ಲ ಎಂಬುದು ನಮಗೆ ಗೊತ್ತೂ ಆಗುವುದಿಲ್ಲ. ಗಿರಿಜಾಳನ್ನು ನೋಡಲು ಬಾದಾಮಿಗೆ ಹೋದಾಗ ನಮ್ಮಪ್ಪ ಅವ್ವನ ಕಿವಿಯಲ್ಲಿ ಗುಟ್ಟಾಗಿ, “ಹುಡುಗಿ ಚಲೋ ಅದಾಳ, ಉಪ್ಪಿಟ್ಟಿಗೆ ಉಪ್ಪು ಕಡಿಮಿ ಆಗೇತಿ” ಅಂದ. ಮರುಕ್ಷಣ ಅಡುಗೆಮನೆಯಿಂದ ನಮ್ಮತ್ತೆ ಉಪ್ಪಿನ ಬಟ್ಟಲು ಹಿಡಿದು ಬಂದರು. ಅತ್ತೆಯ ಮನೆಯವರೆಲ್ಲ ಮೆಲುದನಿಯ ಜನ. ಆ ದಿನ ಅವರ ಮುಖದಲ್ಲಿದ್ದ ದಿಗಿಲು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಈಗ ಕಾಡಿಗೆ ಬರೋಣ. ಹನ್ನೆರಡು ಜನರ ತೆರೆದ ವ್ಯಾನು. ಗಿರಿಜಾ ಎಡಗಡೆಯ ಅಂಚಿನ ಸೀಟು ಹಿಡಿದಿದ್ದಳು. ಹೊರಡುವ ಮೊದಲೇ ಗೈಡು, ಮಾತಾಡಬೇಡಿ, ಸನ್ನೆ ಮಾಡಿ ಎಂದು ಎರಡು ಸಲ ಹೇಳಿದ. ಎರಡನೆಯ ಸಲ ನನ್ನನ್ನೇ ನೋಡಿ ಹೇಳಿದನೆಂದು ಗಿರಿಜಾ ಈಗಲೂ ವಾದಿಸುತ್ತಾಳೆ. ಒಂದು ತಾಸು ಸುತ್ತಿದೆವು. ಉಳಿದವರು ಆಗಲೇ ಆಕಳಿಸುತ್ತಿದ್ದರು. ಒಂದು ತಿರುವಿನಲ್ಲಿ ಡ್ರೈವರ್ ತಟ್ಟನೆ ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಎಡಗಡೆಯ ಬಿದಿರಿನ ಮೆಳೆಯತ್ತ ಬೆರಳು ತೋರಿಸಿದ. ಎಲ್ಲರೂ ಉಸಿರು ಹಿಡಿದು ಅತ್ತ ಬಗ್ಗಿದರು. ನಾನು ಮಾತ್ರ ಬಲಗಡೆ ನೋಡುತ್ತಿದ್ದೆ. ಅಲ್ಲೊಂದು ಕೆರೆ. ಅದರಾಚೆ ನೀಲಿ ಗುಡ್ಡ, ಗುಡ್ಡದ ನೆರಳು ನೀರಿನಲ್ಲಿ, ನೀರಿನ ಅಂಚಿಗೆ ಒಣಗಿದ ಹುಲ್ಲಿನ ಹಳದಿ ಪಟ್ಟಿ. ಇಂಥ ಅಂಚು ನಮ್ಮ ಮಗ್ಗದಲ್ಲಿ ಎಂದೂ ಇಳಿದಿರಲಿಲ್ಲ. ಗಿರಿಜಾಳಿಗೆ ತೋರಿಸದೆ ಇರಲಾಗಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ, ನನಗೆ ತಿಳಿದಂತೆ ಪಿಸುಗುಟ್ಟಿದೆ: “ಗಿರಿಜಾ, ಈ ಕಡೆ ನೋಡ. ನೀರಿನ ಬಣ್ಣ ಹೆಂಗೈತಿ ನೋಡ.”

ಕೆರೆಯ ಮೇಲಿದ್ದ ಹಕ್ಕಿಗಳು ಒಮ್ಮೆಲೇ ಹಾರಿದವು, ನನ್ನ ಕಣ್ಣು ಅವುಗಳ ಹಿಂದೆ ಹೋಯಿತು. ಗಿರಿಜಾ ಗಾಬರಿಯಾಗಿ ನನ್ನ ಕಡೆ ತಿರುಗಿದಳು. ಅವಳ ಬೆನ್ನ ಹಿಂದೆ ಹುಲಿ ಎದ್ದು, ಬಿದಿರಿನೊಳಗೆ ನಡೆದು ಹೋಯಿತು. ಹತ್ತು ಜನ ನೋಡಿದರು. ನೋಡದವರು ಗಂಡ ಹೆಂಡತಿ ಇಬ್ಬರೇ.

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹಿಂದಿನ ಸೀಟಿನ ಹಿರಿಯರೊಬ್ಬರು ಬಹಳ ಸಮಾಧಾನದಿಂದ, “ಯಾವೂರ್ರಿ ನಿಮ್ದು?” ಎಂದು ಕೇಳಿದರು. ಇಳಕಲ್ ಅಂದೆ. “ಮಗ್ಗದ ಮನಿಯೇನ್ರಿ?” ಅಂದರು. ಹೇಗೆ ಗೊತ್ತಾಯಿತು ಅಂದೆ. “ನಮ್ಮ ಮಾವನವರ ಮನಿ ರಬಕವಿಯಾಗ ಐತ್ರಿ, ಅಲ್ಲೂ ಮನಿ ತುಂಬ ಮಗ್ಗ” ಅಂದರು. ಗಿರಿಜಾ ಮುಖ ಆ ಕಡೆ ಮಾಡಿ ಕುಳಿತಿದ್ದಳು. ಕಣ್ಣಲ್ಲಿ ನೀರಿತ್ತು. “ಬಾಲ ಆದ್ರೂ ಕಂಡಿದ್ರ ಸಾಕಾಗಿತ್ತ್ರಿ” ಅಂದಳು. ನನಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಆದರೂ ಸುಮ್ಮನಿರಬೇಕಲ್ಲ. ಹೋಗಲಿ ಬಿಡು, ಸೀನರಿಯಾದರೂ ಕಂಡಿತು ಅಂದೆ. ಅದು ಕೂಡ ಹನ್ನೆರಡೂ ಜನರಿಗೆ ಕೇಳಿಸಿತು.

ಊರಿಗೆ ಬಂದ ಮೇಲೆ ಓಣಿಯ ಹೆಂಗಸರು ಹುಲಿ ಕಂಡಿತೇನು ಎಂದು ಕೇಳಲು ಬಂದರು. ಗಿರಿಜಾ ನನ್ನ ಮಾನ ಕಳೆಯಲಿಲ್ಲ. “ಇಲ್ಲವಾ, ನಾವು ಹುಲಿ ನೋಡಾಕ ಹೋಗಿದ್ದಿಲ್ಲ. ನಮ್ಮ ಮನಿಯವರಿಗೆ ಸೀನರಿ ಬೇಕಾಗಿತ್ತು” ಎಂದು ಬಂದವರಿಗೆಲ್ಲ ಅದೇ ಮಾತು, ಅದೇ ಮೆಲುದನಿ. ಹತ್ತನೆಯ ಸಲ ಕೇಳುವಷ್ಟರಲ್ಲಿ ನನಗೆ, ಬೈದೇಬಿಡೇ ತಾಯಿ ಅನ್ನಿಸಿಬಿಟ್ಟಿತ್ತು.

ಈ ಬೇಸಿಗೆ ರಜೆಯಲ್ಲಿ ದೇಸಾಯಿಯವರೂ ಅವರ ಹೆಂಡತಿಯೂ ಮತ್ತೆ ಆ ಕಾಡಿಗೆ ಹೊರಟರು. ಗಿರಿಜಾ ತಾನೂ ಬ್ಯಾಗು ತುಂಬಿದಳು. ನಾನೂ ಚಪ್ಪಲಿ ಹುಡುಕತೊಡಗಿದಾಗ, “ನೀವು ಎದಕ್ಕ ತ್ರಾಸ ತಗೋತೀರಿ? ಬಾದಾಮಿಗೆ ಹೋಗ್ರಿ, ಅಲ್ಲಿ ಸೀನರಿ ಪುಕ್ಕಟೆ ಐತಿ” ಅಂದಳು. ಹೋದೆ. ಹೊಂಡದ ಮೆಟ್ಟಿಲ ಮೇಲೆ ಕುಳಿತು ಕೆಂಪು ಬಂಡೆಗಳನ್ನು ನೋಡುತ್ತಿದ್ದೆ. ಸಂಜೆಯ ಬಿಸಿಲಿಗೆ ಬಂಡೆಗಳು ಕಾದ ಹಂಚಿನಂತೆ ಕೆಂಪಾಗಿದ್ದವು. ಅಷ್ಟು ಚೆಲುವು ಎದುರಿಗಿದ್ದರೂ ನನ್ನ ಕಣ್ಣೆಲ್ಲ ಫೋನಿನ ಮೇಲೆ. ಕಡೆಗೆ ಅದು ಬಡಿದುಕೊಂಡಿತು.

“ನೋಡಿದೆನ್ರಿ,” ಅಂದಳು ಗಿರಿಜಾ. “ಹತ್ತು ಮಾರು ದೂರದಾಗ. ನನ್ನನ್ನ ನೋಡಿತು.”

ನಾನೂ ಹಿಗ್ಗಿ ಮೆಟ್ಟಿಲಿನಿಂದ ಎದ್ದು ನಿಂತೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. “ಸೀನರಿ ಹೆಂಗಿತ್ತು?” ಅಂದೆ.

“ಕಾಣಲಿಲ್ರಿ. ಹುಲಿ ಅಡ್ಡ ಬಂದಿತ್ತು.”

ಈಗ ನಾನು ಕೆರೆಯ ನೀರಿನ ಬಗ್ಗೆ ಕೇಳಬೇಕಿತ್ತು, ಹುಲ್ಲಿನ ಬಣ್ಣದ ಬಗ್ಗೆ ಕೇಳಬೇಕಿತ್ತು. ಬಾಯಿಂದ ಬಂದದ್ದು, ಎಷ್ಟು ದೊಡ್ಡದಿತ್ತು, ಫೋಟೋ ತಗದೀಯೇನು, ತಡ ಮಾಡಬೇಡ, ಕಳಿಸು. ಕಳಿಸಿದಳು. ಹುಲಿ ನಡುವೆ ಸಣ್ಣದಾಗಿ ಕುಳಿತಿತ್ತು, ಅದರ ಹಿಂದೆ ಕೆರೆ, ಕೆರೆಯ ಹಿಂದೆ ನೀಲಿ ಗುಡ್ಡ. ಎರಡು ಬೆರಳಿನಿಂದ ಹುಲಿಯನ್ನು ಹಿಗ್ಗಿಸಿದೆ. ಕೆರೆ ಹೋಯಿತು. ಇನ್ನಷ್ಟು ಹಿಗ್ಗಿಸಿದೆ. ಗುಡ್ಡವೂ ಹೋಯಿತು. ಮೀಸೆ ಕಾಣುವವರೆಗೆ ಕತ್ತರಿಸಿ, ಯಾರು ತೆಗೆದದ್ದೆಂದು ಬರೆಯುವ ಗೋಜಿಗೆ ಹೋಗದೆ, ನಮ್ಮ ಮಾಸ್ತರರ ವಾಟ್ಸಾಪ್ ಗುಂಪಿಗೆ ಹಾಕಿದೆ. ‘ಕಡೀಗೂ ನಿಮಗ ಹುಲಿ ಕಂಡ್ತಲ್ರಿ ಸರ್’ ಎಂದು ಅಭಿನಂದನೆಗಳು ಒಂದರ ಹಿಂದೊಂದು ಬಂದವು. ಎಲ್ಲರಿಗೂ ಕೈ ಮುಗಿದ ಚಿತ್ರ ಒತ್ತಿ ಕಳಿಸುತ್ತ ಸುಖವಾಗಿ ಕುಳಿತೆ.

ಅರ್ಧ ತಾಸಿನ ಮೇಲೆ ಕಾಡಿನಿಂದ ದೇಸಾಯಿಯವರು ಬರೆದರು: ‘ಸರ್, ಇದರ ಹಿಂದ ಒಂದು ಗುಡ್ಡ ಇತ್ತಲ್ರಿ, ಭಾಳ ಚಲೋ ಇತ್ತು. ಎಲ್ಲಿ ಹೋತು?’