ಬದು ದಾಟಿದ ಹುಳ

ವಿರೂಪಾಕ್ಷನ ಜೇನುಪೆಟ್ಟಿಗೆಯಿಂದ ಎದ್ದ ಒಂದು ಹುಳ ಬದು ದಾಟಿ ಹೋಗಿ ವೀರಪ್ಪನ ಹೊಲದ ಸೂರ್ಯಕಾಂತಿಯ ಮೇಲೆ ಕುಳಿತಿತು. ಹುಳಕ್ಕೆ ಅದು ದೊಡ್ಡ ಮಾತಾಗಿರಲಿಲ್ಲ. ವಿರೂಪಾಕ್ಷನಿಗೆ ಆಯಿತು.

ಇದು ತೊಂಬತ್ತೆಂಟನೆಯ ಇಸವಿಯ ಮಾತು, ಮುರಗೋಡದ ಹತ್ತಿರದ್ದು. ಅದರ ಹಿಂದಿನ ವರ್ಷ ವಿರೂಪಾಕ್ಷ ತನ್ನ ಹೊಲ ತುಂಬ ಸೂರ್ಯಕಾಂತಿ ಹೂವಿದ್ದಾಗಲೇ ಕೀಡೆ ಸಾಯಲೆಂದು ಕೀಟನಾಶಕದ ಎಣ್ಣೆ ಹೊಡೆದಿದ್ದ. ಕೀಡೆಯ ಜೊತೆ ಜೇನೂ ಸತ್ತವು. ತೆನೆಗಳು ಹಿಟ್ಟು ನಾದುವ ಪರಾತದಷ್ಟು ಅಗಲವಾದರೂ ಒಳಗೆ ಬರೀ ಜೊಳ್ಳು. ತೂರಲು ನಿಂತರೆ ಕಾಳೆಲ್ಲ ಗಾಳಿಗೆ ಸುರೇಬಾನ ಊರಿನ ಕಡೆ ಹಾರಿಹೋದವು. ಹೊಲ ಹೆಂಡತಿ ಸಿದ್ದಲಿಂಗವ್ವನ ತವರಿನವರು ಕೊಟ್ಟದ್ದು. ಅವಳು ಒಂದೇ ಮಾತು ಹೇಳಿದ್ದಳು.

“ಈ ಸಲಾನೂ ಜೊಳ್ಳಾದ್ರ ಹೊಲಾ ವೀರಪ್ಪ ಕಾಕಾಗ ಬೆಳ್ಯಾಕ ಪಾಲಿಗೆ ಹಾಕತೇನಿ. ನೀವು ಕಟ್ಟಿ ಮ್ಯಾಲ ಕುಂತು ನೊಣಾ ಎಣಸ್ರಿ.”

ಅದಕ್ಕೇ ಅವನು ಕೃಷಿ ಸಹಾಯಕ ಬಸವಲಿಂಗನ ಮೀಟಿಂಗಿಗೆ ಹೋಗಿದ್ದು. ಒಂದು ಹೂವಿನ ಧೂಳು ಇನ್ನೊಂದಕ್ಕೆ ಹತ್ತಿದರೇನೇ ಕಾಳು ಗಟ್ಟಿಯಾಗುತ್ತದೆ, ಅದಕ್ಕೆ ಎರಡು ದಾರಿ ಇವೆ ಎಂದ ಬಸವಲಿಂಗ. ಮೊದಲನೆಯದು ಜೇನುಪೆಟ್ಟಿಗೆ. ಅಷ್ಟು ಕೇಳಿದ್ದೇ ತಡ, ಬಸವಲಿಂಗ ಬೈಲಹೊಂಗಲದಿಂದ ತಂದಿದ್ದ ಒಂದೇ ಪೆಟ್ಟಿಗೆ ಬೇರೆಯವರಿಗೆ ಹೋದೀತೆಂದು ವಿರೂಪಾಕ್ಷ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟೇಬಿಟ್ಟ. ಎರಡನೆಯ ದಾರಿಯನ್ನು ಉಳಿದವರು ಕೂತು ಕೇಳಿದರು.

ಈಗ ನೋಡಿದರೆ ಒಂದರ ಹಿಂದೆ ಒಂದು ಹುಳ ಬದು ದಾಟುತ್ತಿವೆ.

“ಕಾಕಾ, ನನ್ನ ಹುಳಾ ನಿಮ್ಮ ಹೊಲದಾಗ ಮೇಯಾಕ ಹತ್ತ್ಯಾವ!”

ವೀರಪ್ಪ ಬದುವಿನ ಮೇಲೆ ಕೂತು ವೀಳ್ಯದೆಲೆ ಮಡಚುತ್ತಿದ್ದ. “ಮೂಗುದಾಣ ಹಾಕಿ ಹಿಡ್ಕೊಂಡು ಹೋಗು ತಮ್ಮಾ. ನಾ ಏನ್ ಬಾ ಅಂತ ಕರದೇನೇನು?”

ವಿರೂಪಾಕ್ಷ ಮನೆಗೆ ಓಡಿ, ಹೆಂಡತಿಯ ಸೀರೆಗಳನ್ನು ತಂದು ಬದುವಿನುದ್ದಕ್ಕೂ ಕಟ್ಟಿದ. ಹುಳ ಸೀರೆಯ ಮೇಲಿಂದ ಹಾರಿದವು. ಒಂದೆರಡು ಸೀರೆಯ ಹೂವಿನ ಮೇಲೆ ಕುಳಿತು, ಮೋಸ ತಿಳಿದು ಮುಂದೆ ಹೋದವು.

ಹುಲ್ಲು ಕೊಯ್ಯಲು ಬಂದಿದ್ದ ರಾಚವ್ವನಿಗೆ ಸುಮ್ಮನಿರಲಾಗಲಿಲ್ಲ. “ಯಪ್ಪಾ, ಜೇನಿಗೆ ಹೊಗಿ ಅಂದ್ರ ಅಂಜಿಕಿ. ಬದುವಿಗೆ ಶೆಗಣಿ ಕುಳ್ಳು ಹಚ್ಚಿಡು. ಒಂದೂ ದಾಟಂಗಿಲ್ಲ.”

ಕುಳ್ಳು ಹಚ್ಚಿಟ್ಟ. ಗಾಳಿ ವೀರಪ್ಪನ ಕಡೆಯಿಂದ ಬೀಸಿತು. ಕಿಡಿ ಸೀರೆಗೆ ಹಾರಿತು, ಹೊಗೆ ಪೆಟ್ಟಿಗೆಗೆ ಹೊಕ್ಕಿತು. ಸಾಲೆ ಬಿಟ್ಟ ಹುಡುಗರಂತೆ ಹುಳ ಗುಂಪಾಗಿ ಹೊರಬಿದ್ದು, ಎದುರಿಗೆ ನಿಂತವನ ಮುಖಕ್ಕೆ ಹೇಳುವುದನ್ನು ಹೇಳಿ, ಬದು ದಾಟಿದವು. ವಿರೂಪಾಕ್ಷನ ಮುಖ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು.

“ಸುಣ್ಣಾ ಹಚ್ಗೋಳೋ,” ಎಂದು ವೀರಪ್ಪ ಡಬ್ಬಿ ಚಾಚಿದ.

ವಿರೂಪಾಕ್ಷ ಮುಖದ ತುಂಬ ಸುಣ್ಣ ಬಳಿದುಕೊಂಡು, ತಲೆಯ ರುಮಾಲು ಬಿಚ್ಚಿ ವೀರಪ್ಪನ ಹೊಲಕ್ಕೆ ನುಗ್ಗಿದ. ಮೊದಲು ಬೀಸಿದ. ಹುಳ ಇನ್ನೂ ಸಿಟ್ಟಿಗೆದ್ದವು. ಆಮೇಲೆ, ಮಲಗಿದ ಕೂಸಿನ ಮುಖದ ಮೇಲಿನ ನೊಣ ಎಬ್ಬಿಸುವ ಹಾಗೆ, ಒಂದೊಂದೇ ಹೂವಿನ ಮೇಲೆ ರುಮಾಲನ್ನು ಮೆತ್ತಗೆ ಸವರುತ್ತ ಹೋದ. ಒಂದು ಸಾಲು ಮುಗಿಯಿತು, ಹತ್ತು ಸಾಲು ಮುಗಿದವು. ಬಿಳಿ ರುಮಾಲು ಅರಿಷಿಣದಲ್ಲಿ ಅದ್ದಿದಂತಾಯಿತು.

ಮಂದಿ ಹೊಲಕ್ಕೆ ಕಾಲಿಟ್ಟರೆ ಮಣ್ಣಿನ ಹೆಂಟೆ ಎಸೆಯುವ ವೀರಪ್ಪ ಅಂದು ಇನ್ನೊಂದು ಎಲೆ ಮಡಚಿದ. ಒಂದೇ ಸಲ ಕೂಗಿದ. “ತಮ್ಮಾ, ಬೇವಿನ ಗಿಡದ ಕಡೀ ಸಾಲು ಬಿಟ್ಟಿ ನೋಡು. ಅಲ್ಲೂ ಹುಳಾ ಅದಾವ.”

ವಿರೂಪಾಕ್ಷ ಆ ಸಾಲನ್ನೂ ಮುಗಿಸಿದ.

ಅಷ್ಟರಲ್ಲಿ ಸಿದ್ದಲಿಂಗವ್ವ ಸೀರೆ ಹುಡುಕುತ್ತ ಬಂದಳು. ಪೆಟ್ಟಿಗೆ ನೋಡಲು ಬಸವಲಿಂಗನೂ ಬಂದ. ಮುಚ್ಚಳ ತೆಗೆದರೆ ದಿಕ್ಕು ತಪ್ಪಿದ ಹತ್ತು ಹುಳ ಬಿಟ್ಟು ಒಳಗೆ ಏನೂ ಇರಲಿಲ್ಲ. ತಲೆಯೆತ್ತಿ ಬದುವಿನಾಚೆ ನೋಡಿದ ಬಸವಲಿಂಗನ ಮುಖ ಅರಳಿತು.

“ಭೇಷ್ ವೀರಪ್ಪ ಕಾಕಾ! ಹುಳಾ ಸಿಗದವ್ರು ಬಟ್ಟೀಲೆ ಹೂವಾ ಸವರ್ರಿ, ಧೂಳಿ ಒಂದರದು ಒಂದಕ್ಕ ಹತ್ತತೈತಿ ಅಂತ ಮೀಟಿಂಗಿನ್ಯಾಗ ಹೇಳಿದ್ದೆ. ಮಾಡಿದವ್ರು ನೀವೊಬ್ರ. ಆಳೂ ಚಲೋ ಹಿಡದೀರಿ. ಎಲ್ಲಿಂವಾ?”

“ಆಳಲ್ರೀ ಸಾಹೇಬ್ರ,” ಎಂದ ವೀರಪ್ಪ. “ಸುಣ್ಣಾ ಒರಸಿ ನೋಡ್ರಿ, ನಮ್ಮ ವಿರೂಪಾಕ್ಷ. ಪುಕ್ಕಟ ಬಂದಾನ.”

ಸಿದ್ದಲಿಂಗವ್ವ ಖಾಲಿ ಪೆಟ್ಟಿಗೆ ನೋಡಿದಳು, ತೂತುಬಿದ್ದ ಸೀರೆ ನೋಡಿದಳು, ಗಂಡನನ್ನು ನೋಡಿದಳು.

“ಕಾಕಾ, ಇವತ್ತಿಂದ ನಮ್ಮ ಹೊಲಾ ನಿಮಗ ಪಾಲಿಗೆ. ಇವರು ಮಂದಿ ಹೊಲದಾಗ ಭಾಳ ಚಲೋ ದುಡೀತಾರ.”

ಮರುದಿನ ಬೆಳಿಗ್ಗೆ ವಿರೂಪಾಕ್ಷ ರುಮಾಲು ಹಿಡಿದು ತನ್ನ ಹೊಲದಲ್ಲೇ ಹೂವು ಸವರುತ್ತಿದ್ದ. ಬದುವಿನ ಮೇಲೆ ವೀರಪ್ಪ ಈ ಕಡೆ ಮುಖ ಮಾಡಿ ಕೂತು ಎಲೆ ಮಡಚುತ್ತಿದ್ದ.

“ತಮ್ಮಾ,” ಎಂದ, “ಆ ಸಾಲು ಬಿಟ್ಟಿ ನೋಡು.”