ಮುಗಿದ ಆಟಕ್ಕೆ ಹಚ್ಚಿದ ದೀಪ

ನನ್ನ ಅತ್ತೆ ಎಲ್ಲರಿಗಿಂತ ಹದಿನೈದು ದಿನ ಹಿಂದೆ ಬದುಕುತ್ತಾರೆ. ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ನಾನು ದಿನವೂ ಡೈರಿ ಬರೆಯುವವನು, ಲೆಕ್ಕ ತಪ್ಪುವವನಲ್ಲ.

ಅಪ್ಪನ ಅಕ್ಕ ಇವರು. ಡಾಕ್ಟರು; ಸಮುದ್ರದಾಚೆಯ ಈ ಊರಿನ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಕ್ಲಿನಿಕ್, ಸೌತ್ ಬಿ ಬಡಾವಣೆಯಲ್ಲಿ ಮನೆ. ಅಪ್ಪನಿಗೆ ದೂರದ ಕಿಸುಮು ಊರಿನಲ್ಲಿ ಕೆಲಸವಾದ್ದರಿಂದ ನಾನು ಓದಿಗೆಂದು ಅವರ ಜೊತೆಗಿದ್ದೇನೆ. ಹಿಂದೆ ಎರಡು ವರ್ಷ ಅಮೆರಿಕದಲ್ಲಿ ಓದುವಾಗ ಅತ್ತೆಗೆ ಬೇಸ್‌ಬಾಲ್ ಹುಚ್ಚು ಹಿಡಿಯಿತು. ಕ್ರಿಕೆಟ್ಟಿನ ದೂರದ ದಾಯಾದಿ ಎಂದುಕೊಳ್ಳಿ. ಅತ್ತೆಯದು ಕೆಂಪು ಟೋಪಿಯ ತಂಡ. ಅದರ ಹಳೆಯ ವೈರಿ ನೀಲಿ ಟೋಪಿಯವರು. ಹಿಂದಿನ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ ಅತ್ತೆ ಆ ತಂಡದ ಹೆಸರೆತ್ತುವುದಿಲ್ಲ. ‘ಆಚೆ ಮನೆಯವರು’ ಎನ್ನುತ್ತಾರೆ. ಹದಿನಾಲ್ಕು ವರ್ಷಗಳಿಂದ, ಪ್ರತಿ ಸಲವೂ, ಕೊನೆಗೆ ಆಚೆ ಮನೆಯವರೇ ಮೇಲೆ.

ನನ್ನ ಸ್ಕೂಲಿನ ಸ್ವೆಟರ್ ನೀಲಿ. ಅದು ನನ್ನ ತಪ್ಪೇ? ಆದರೂ ಅದನ್ನು ವರಾಂಡದಲ್ಲೇ ಬಿಚ್ಚಿಟ್ಟು ಒಳಗೆ ಬರಬೇಕು. ಮಡಿ ಮೈಲಿಗೆ ಯಾವುದೂ ಇಲ್ಲದ ಮನೆಯಲ್ಲಿ ಇದೊಂದೇ ಮಡಿ. ಇಲ್ಲಿ ಚಳಿಗಾಲ ಜುಲೈಯಲ್ಲಿ; ಆ ಚಳಿಯಲ್ಲಿ ನನಗೆ ನೆಗಡಿಯಾದದ್ದು ಆರು ಸಲ.

ಒಂದು ಶನಿವಾರ ಕ್ಲಿನಿಕ್ಕಿಗೆ ನೀಲಿ ಟೋಪಿಯ ಅಮೆರಿಕನ್ನನೊಬ್ಬ ಬಂದ. ನಾನು ಚೀಟಿ ಬರೆಯುತ್ತ ಕೂತಿದ್ದೆ.

“ಟೋಪಿ ಹೊರಗಿಟ್ಟು ಬನ್ನಿ,” ಎಂದರು ಅತ್ತೆ.

“ಡಾಕ್ಟರ್, ನನಗೆ ಮೂರು ದಿನದಿಂದ ಜ್ವರ.”

“ಅದರಿಂದಲೇ ಶುರುವಾಗಿರಬಹುದು.”

ನಾಚಿಕೆಯಿಂದ ನಾನು ಮೇಜಿನ ಕೆಳಗೆ ಪೆನ್ನು ಹುಡುಕಿದೆ. ಪೆನ್ನು ನನ್ನ ಕೈಯಲ್ಲೇ ಇತ್ತು.

ಇನ್ನು ಹದಿನೈದು ದಿನದ ಕಥೆ. ಇಲ್ಲಿನ ಪತ್ರಿಕೆ, ರೇಡಿಯೊಗಳಲ್ಲಿ ಬೇಸ್‌ಬಾಲ್ ಸುದ್ದಿಯೇ ಇರುವುದಿಲ್ಲ. ಅತ್ತೆಯ ಪೇಷೆಂಟ್ ಆದ ಅಮೆರಿಕನ್ ಟೀಚರ್ ಒಬ್ಬರಿಗೆ ಅವರ ಅಣ್ಣ ಅಲ್ಲಿಂದ ಅಂಚೆಯಲ್ಲಿ ಪತ್ರಿಕೆಗಳ ಕಟ್ಟು ಕಳಿಸುತ್ತಾರೆ. ಟೀಚರ್ ಓದಿದ ಮೇಲೆ ಅದು ನಮ್ಮ ಮನೆಗೆ ಬರುತ್ತದೆ. ಬೇರೆ ಯಾರಾದರೂ ಎಲ್ಲವನ್ನೂ ಒಂದೇ ಸಲ ಓದಿಬಿಡುತ್ತಿದ್ದರು. ಅತ್ತೆ ದಿನಕ್ಕೆ ಒಂದೇ ಪತ್ರಿಕೆ, ಸರದಿ ತಪ್ಪದೆ. ಉಳಿದದ್ದು ಬೀರುವಿನಲ್ಲಿ, ಬೀಗದ ಕೈ ನನ್ನ ಬಳಿ.

“ನನ್ನ ಮೇಲೆ ನನಗೇ ನಂಬಿಕೆ ಇಲ್ಲ ಕಣೋ. ನೀನು ಅಚ್ಚುಕಟ್ಟಿನ ಹುಡುಗ,” ಎಂದಿದ್ದರು.

ದೊಡ್ಡ ಆಟದ ಹಿಂದಿನ ದಿನ ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ. “ಅತ್ತೆ, ಆ ಆಟ ಮುಗಿದು ಎರಡು ವಾರ ಆಯ್ತಲ್ಲ?” ಎಂದು ಕೇಳಿದ್ದೆ.

“ಆದ್ರೇನು? ನಾನು ಇವತ್ತು ಬೇಡ್ಕೋತೀನಿ ಅಂತ ದೇವರಿಗೆ ಆವತ್ತೇ ಗೊತ್ತಿರಲ್ವಾ?”

ಈ ವರ್ಷ ಅತ್ತೆಯ ತಂಡ ಮುಂದಿತ್ತು. ಆಚೆ ಮನೆಯವರ ಎದುರಿನ ಕೊನೆಯ ಮೂರು ಆಟಗಳಲ್ಲಿ ಒಂದನ್ನು ಗೆದ್ದರೂ ಸಾಕಿತ್ತು. ಆ ಆಟಗಳ ಸುದ್ದಿಯಿದ್ದ ಒಂಬತ್ತು ಪತ್ರಿಕೆಗಳ ಕಟ್ಟು ಶನಿವಾರ ಬಂತು. ಅತ್ತೆ ಕ್ಲಿನಿಕ್ಕಿನಲ್ಲಿದ್ದಾಗ ನಾನು ಬೀರು ತೆಗೆದು ಕೊನೆಯದನ್ನು ಓದಿದೆ. ಮೂರೂ ಸೋತಿದ್ದರು.

ಮರುದಿನ ಈ ಊರಿನ ಕನ್ನಡದವರ ದಸರಾ ಊಟ. ಅತ್ತೆ ಮೈಸೂರು ರೇಷ್ಮೆ ಸೀರೆಯ ಮೇಲೆ ಕೆಂಪು ಟೋಪಿ ಹಾಕಿಕೊಂಡು ಬಂದರು. ನನ್ನ ವಯಸ್ಸಿನ ಹುಡುಗರು ಮೊಣಕೈಯಲ್ಲಿ ತಿವಿದುಕೊಂಡರು. ನಾನು ಅತ್ತೆಯಿಂದ ಮೂರು ಕುರ್ಚಿ ದೂರ ಕೂತೆ.

“ಏನ್ ಡಾಕ್ಟ್ರೇ, ನಿಮ್ಮ ಟೀಮು?” ಲಾಯರ್ ಒಬ್ಬರು ಕೆಣಕಿದರು.

“ಒಂದು ಗೆದ್ರೆ ಸಾಕು. ಎಲ್ರಿಗೂ ನಮ್ಮನೇಲಿ ಊಟ.”

ನಾನು ಅತ್ತೆಯ ಕಡೆಯವನಲ್ಲ ಎಂದು ಆ ಹುಡುಗರಿಗೆ ತೋರಿಸಬೇಕಿತ್ತು. “ಊಟ ಇಲ್ಲ ಅಂಕಲ್. ಮೂರೂ ಸೋತಾಯ್ತು. ಅತ್ತೆಗೆ ಇನ್ನೂ ಗೊತ್ತಿಲ್ಲ ಅಷ್ಟೆ,” ಎಂದೆ ಗಟ್ಟಿಯಾಗಿ.

ಹಾಲ್ ತುಂಬ ನಗು. ಆ ದಿನದ ಡೈರಿಯಲ್ಲಿದೆ: ‘ನಕ್ಕವರು ಇಪ್ಪತ್ತಮೂರು.’ ಅತ್ತೆಯ ಮುಖ ಹೇಗಿತ್ತೆಂದು ಬರೆದಿಲ್ಲ. ನಾನು ಆ ಕಡೆ ನೋಡಲೇ ಇಲ್ಲ.

ಕಾರಿನಲ್ಲಿ ಅತ್ತೆ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಓಡಿಸಿದರು. ಮನೆ ಹತ್ತಿರ ಬಂದಾಗ, “ಹೋಳಿಗೆ ಎರಡನೇದು ಹಾಕಿಸ್ಕೊಂಡ್ಯಾ?” ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬೆಳಿಗ್ಗೆ ಬೀಗದ ಕೈಯನ್ನೂ ಇಡೀ ಕಟ್ಟನ್ನೂ ಅವರ ಮುಂದಿಟ್ಟೆ. ಅತ್ತೆ ಮೇಲಿನದೊಂದನ್ನು ತೆಗೆದುಕೊಂಡು ಉಳಿದದ್ದನ್ನು ನನ್ನ ಕಡೆ ತಳ್ಳಿದರು. “ಬೀಗ ಹಾಕು.”

ಹೀಗೆ ಒಂಬತ್ತು ದಿನ ಬೆಳಿಗ್ಗೆ. ದಿನಕ್ಕೊಂದು ಪತ್ರಿಕೆ ಕೊಟ್ಟು ಮತ್ತೆ ಬೀಗ ಹಾಕುತ್ತಿದ್ದೆ. ಆರನೆಯ ದಿನ ತುಪ್ಪದ ದೀಪವನ್ನೂ ಹಚ್ಚಿದರು. ತುಪ್ಪದ ಡಬ್ಬಿ ನಾನೇ ತಂದುಕೊಟ್ಟೆ.

ಒಂಬತ್ತನೆಯ ದಿನ ಅತ್ತೆ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಪತ್ರಿಕೆ ಮಡಿಸಿದರು. ನಂತರ ನನ್ನನ್ನೇ ನೋಡುತ್ತ, ಆಗಷ್ಟೇ ತಿಳಿದವರ ಹಾಗೆ, “ಅಯ್ಯೋ, ಮೂರೂ ಸೋತೇಬಿಟ್ರಲ್ಲೋ,” ಎಂದರು.

ಈ ಸಲ ನಾನು ಅವರ ಮುಖ ನೋಡಿದೆ.

“ಹೌದಾ ಅತ್ತೆ?” ಎಂದೆ.